ಶ್ ಮೇಷ್ಟ್ರು

ಹನಗೋಡಿನಲ್ಲಿ ಅವರ ನಿಜವಾದ ಹೆಸರು ಬೇಕಾಗುವುದು ಎರಡೇ ಕಡೆ: ಪಿಂಚಣಿ ಬರುವ ಬ್ಯಾಂಕಿನಲ್ಲಿ, ಅರ್ಚನೆ ಮಾಡಿಸುವಾಗ ದೇವಸ್ಥಾನದಲ್ಲಿ. ಮಿಕ್ಕ ಊರಿಗೆಲ್ಲ ಅವರು ಶ್ ಮೇಷ್ಟ್ರು.

ಈ ಬಿರುದು ಕೆಲಸದಲ್ಲಿದ್ದಾಗ ಬಂದದ್ದಲ್ಲ. ಆಗ ಅವರ ಗಂಟಲೇ ಬೇರೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುತ್ತ ಒಮ್ಮೆ ‘ಸೈಲೆನ್ಸ್!’ ಎಂದು ಕೂಗಿದರೆ, ಲಕ್ಷ್ಮಣತೀರ್ಥದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವನೂ ಕೈ ಕಟ್ಟಿ ನಿಲ್ಲುತ್ತಿದ್ದನೆಂದು ಪ್ರತೀತಿ. ನಿವೃತ್ತಿಯ ಸನ್ಮಾನದಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಚಂದಾ ಎತ್ತಿ ಒಂದು ದುರ್ಬೀನು ಕೊಟ್ಟೆವು. ಗೋಡೆ ಗಡಿಯಾರ ಕೊಟ್ಟಿದ್ದರೆ ಊರು ಬಚಾವಾಗುತ್ತಿತ್ತು. ದುರ್ಬೀನು ಕೊರಳಿಗೆ ಬಿದ್ದ ಮಾರನೆಯ ತಿಂಗಳೇ ಆ ಗುಡುಗು ಗಂಟಲು ‘ಶ್...’ ಎಂಬ ಒಂದೇ ಒಂದು ಅಕ್ಷರಕ್ಕೆ ಇಳಿಯಿತು. ಮರದ ಮೇಲೆ ಹಕ್ಕಿ, ಅದಕ್ಕೆ ಶ್. ಎಲೆಯ ಮೇಲೆ ಹುಳ, ಅದಕ್ಕೂ ಶ್. ಹುಳಕ್ಕೆ ಕಿವಿ ಎಲ್ಲಿದೆಯೆಂದು ಕೇಳಿದರೆ ಅದಕ್ಕೆ ಇನ್ನೂ ದೊಡ್ಡ ಶ್. ‘ರಾತ್ರಿ ಇಡೀ ಗೊರಕೆ ಹೊಡೀತಾರಲ್ಲ, ಆವಾಗ ಎಲ್ಲೋಗಿರುತ್ತೆ ಈ ಶ್ಶು?’ ಎಂದು ಅವರ ಮನೆಯವರು ನನ್ನ ಅಂಗಡಿಗೆ ಬಂದಾಗಲೆಲ್ಲ ಕೇಳುತ್ತಾರೆ.

ನನ್ನದು ಗೊಬ್ಬರ, ಔಷಧಿಯ ಅಂಗಡಿ. ಔಷಧಿ ಎಂದರೆ ಹುಳಕ್ಕೆ ಹೊಡೆಯುವಂಥದ್ದು. ಹುಳವನ್ನು ಭೂತಗನ್ನಡಿ ಹಿಡಿದು ತೋರಿಸುವುದು ಅವರ ಕೆಲಸ, ಅದನ್ನು ಸಾಯಿಸುವುದಕ್ಕೆ ಲೀಟರ್ ಲೆಕ್ಕದಲ್ಲಿ ಮಾರುವುದು ನನ್ನ ಕೆಲಸ. ಆದರೆ ನಾನು ಅವರ ಕ್ಲಾಸಿನ ಕೊನೆಯ ಬೆಂಚಿನವನು. ತಿಂಗಳ ಎರಡನೆಯ ಭಾನುವಾರ ಬೆಳಗ್ಗೆ ಆರು ಗಂಟೆಗೆ ಹಾಲಿನ ಡೈರಿಯ ಮುಂದೆ ನಿಂತು ‘ಏಯ್, ಬಂದ್ಯಾ?’ ಎಂದರೆ, ಮಕ್ಕಳನ್ನು ಕಾಲೇಜಿಗೆ ಕಳಿಸಿರುವ ನಾನು ಈಗಲೂ ‘ಬಂದೆ ಸಾರ್’ ಎಂದು ಹಾಜರಿ ಹೇಳುತ್ತೇನೆ. ಅವತ್ತು ಬೆಳಗ್ಗೆ ಪ್ರಕೃತಿ ನಡಿಗೆ, ಸಂಜೆ ಸಾರ್ವಜನಿಕ ಉಪನ್ಯಾಸ. ಎರಡಕ್ಕೂ ಶುಲ್ಕವಿಲ್ಲ.

ಇಂಥವರೊಬ್ಬರು ನಿಮ್ಮೂರಿನಲ್ಲೂ ಇರುತ್ತಾರೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮುಂಜಾನೆ ಹೋದರೆ ಎಡವಿದಲ್ಲಿ ಒಬ್ಬರು ಸಿಗುತ್ತಾರೆ. ಬೆಂಗಳೂರಿನ ಲಾಲ್‌ಬಾಗಿನಲ್ಲಂತೂ ಹಿಂಡೇ ಇದೆ. ಹಕ್ಕಿ ಪುಸ್ತಕಗಳ ಧಾಟಿಯಲ್ಲಿ ಹೇಳುವುದಾದರೆ, ಗಾತ್ರ: ಮೈನಾಗಿಂತ ದೊಡ್ಡದು, ಶಾಮಿಯಾನದ ಕಂಬಕ್ಕಿಂತ ಚಿಕ್ಕದು. ಪುಕ್ಕ: ಎಂಟು ಜೇಬಿನ ಖಾಕಿ ಜಾಕೀಟು, ಎಂಟನೆಯ ಜೇಬಿನಲ್ಲಿ ಏನಿದೆಯೆಂದು ಸ್ವತಃ ಹಕ್ಕಿಗೂ ನೆನಪಿಲ್ಲ. ಚಳಿಗಾಲದಲ್ಲಿ ತಲೆಯ ಮೇಲೆ ಮಂಕಿ ಟೋಪಿ ಮೂಡುತ್ತದೆ. ಆವಾಸ: ಕೆರೆ ಏರಿ, ನಾಲೆ ದಂಡೆ, ಊರಾಚೆಯ ಪೊದೆ. ಆಹಾರ: ಕಡ್ಲೆಪುರಿ, ಫ್ಲಾಸ್ಕಿನ ಕಾಫಿ. ಕೂಗು: ‘ಇದರ ಹೆಸರೇನು ಗೊತ್ತಾ?’ ಎಂಬ ಏರುದನಿ. ಉತ್ತರ ಬರದಿದ್ದರೆ ಸಂತೋಷದಿಂದ ಎರಡು ಸಲ. ಉತ್ತರ ಬಂದುಬಿಟ್ಟರೆ ಸ್ವಲ್ಪ ಹೊತ್ತು ಮೌನ. ಗೂಡು: ಇದೆ, ಅಲ್ಲಿ ಕಾಣಸಿಗುವುದು ಅಪರೂಪ.

ನಮ್ಮ ಹಕ್ಕಿಯ ದೇವರಕೋಣೆಯಲ್ಲಿ ತಿರುಪತಿ ತಿಮ್ಮಪ್ಪನ ಪಕ್ಕದ ಗೂಡಿನಲ್ಲೇ ‘ಹಸುರು ಹೊನ್ನು’ ಇದೆ. ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿ, ಸಸ್ಯಶಾಸ್ತ್ರವನ್ನು ನಗೆಯ ಜೊತೆ ಬಡಿಸಿದ ಪುಸ್ತಕ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು. ಸ್ವಾಮಿಯವರಿಗೆ ಸಿಕ್ಕಂಥ ಶಿಷ್ಯರು ತಮಗೆ ಸಿಗಲಿಲ್ಲವೆಂಬ ಕೊರಗು ಮೇಷ್ಟ್ರಿಗೆ ಇದೆ. ಹಾಗೆ ಕೊರಗುವಾಗಲೆಲ್ಲ ಅವರು ನೋಡುವುದು ನನ್ನ ಕಡೆಗೇ.

ನಡಿಗೆ ಎಂದರೆ ಕಾಡಿನೊಳಗೆ ಎಂದುಕೊಳ್ಳಬೇಡಿ. ಇಲ್ಲಿಂದ ವೀರನಹೊಸಹಳ್ಳಿ ಗೇಟು ದೂರವೇನಲ್ಲ, ಗೇಟಿನಾಚೆಗೆ ನಾಗರಹೊಳೆ. 1955ರಲ್ಲೇ ಅಭಯಾರಣ್ಯವೆಂದು ಘೋಷಣೆಯಾದ ಕಾಡು. ಅಲ್ಲಿ ಸಫಾರಿ ಗಾಡಿಯಲ್ಲಿ ಕೂತು ನೋಡಬಹುದೇ ಹೊರತು ನಿಮ್ಮ ಪಾಡಿಗೆ ಇಳಿದು ನಡೆಯುವಂತಿಲ್ಲ. ನಾವು ಕಾಡಿಗೆ ಕಾಲಿಟ್ಟರೆ ಕೇಸು, ಕಾಡು ನಮ್ಮ ಹೊಲಕ್ಕೆ ಕಾಲಿಟ್ಟರೆ ಪರಿಹಾರದ ಅರ್ಜಿ. ಹಾಗಾಗಿ ಮೇಷ್ಟ್ರ ನಡಿಗೆ ಹನಗೋಡು ಅಣೆಕಟ್ಟೆಯ ಹತ್ತಿರ ಶುರುವಾಗಿ, ನಾಲೆ ಏರಿ ಹಿಡಿದು, ಗದ್ದೆ, ಹೊಗೆಸೊಪ್ಪಿನ ಹೊಲ, ಸೊಪ್ಪು ಹದ ಮಾಡುವ ಬ್ಯಾರನ್ ಮನೆಗಳನ್ನು ದಾಟಿ, ಹೊಂಗೆ ತೋಪಿನ ತನಕ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪಿನಲ್ಲಿ ಧುಮುಕಿ ಬಂದ ಲಕ್ಷ್ಮಣತೀರ್ಥ ನಮ್ಮಲ್ಲಿ ಅಣೆಕಟ್ಟೆಗೆ ಎದೆ ಕೊಟ್ಟು ಒಂಚೂರು ಸುಧಾರಿಸಿಕೊಂಡು, ಹುಣಸೂರು ದಾಟಿ ಕೃಷ್ಣರಾಜಸಾಗರದ ಹಿನ್ನೀರಿಗೆ ಹೋಗುತ್ತದೆ. ಇಷ್ಟನ್ನು ಮೇಷ್ಟ್ರು ಪ್ರತಿ ತಿಂಗಳೂ ಅಣೆಕಟ್ಟೆಯ ಮೇಲೆ ನಿಂತು ಹೇಳುತ್ತಾರೆ. ನದಿ ದಾರಿ ಬದಲಾಯಿಸಿದರೂ ಅವರು ವಾಕ್ಯ ಬದಲಾಯಿಸುವುದಿಲ್ಲ.

ಬರುವವರು ಹತ್ತು ಹನ್ನೆರಡು ಮಂದಿ. ‘ಸಕ್ಕರೆ ಇದೆ, ನಡೀರಿ’ ಎಂದು ಡಾಕ್ಟರು ಹೇಳಿದ್ದಕ್ಕೆ ಬರುವ ನಿವೃತ್ತ ಬ್ಯಾಂಕ್ ಮ್ಯಾನೇಜರು. ಅವರಿಗೆ ಹಕ್ಕಿ ಬೇಕಿಲ್ಲ, ಹತ್ತು ಸಾವಿರ ಹೆಜ್ಜೆ ಬೇಕು. ಮಿಂಚುಳ್ಳಿ ಕಂಡು ಎಲ್ಲರೂ ನಿಂತರೆ ಅವರು ನಿಂತಲ್ಲೇ ಲೆಫ್ಟ್ ರೈಟ್ ಮಾಡುತ್ತಿರುತ್ತಾರೆ. ಬೋರ್‌ವೆಲ್ ಪೈಪಿನಂಥ ಲೆನ್ಸು ಹೊತ್ತ ಒಬ್ಬ ಹುಡುಗ. ಅವನು ಹಕ್ಕಿಯನ್ನು ಕಣ್ಣಿನಿಂದ ನೋಡಿದ್ದು ಯಾರೂ ಕಂಡಿಲ್ಲ. ಭಾನುವಾರ ಮನೆಯಲ್ಲಿದ್ದರೆ ಮೊಬೈಲು ಹಿಡಿದು ಕೂರುತ್ತವೆಂದು ತಾಯಂದಿರು ಅಟ್ಟಿ ಕಳಿಸಿದ ನಾಲ್ಕು ಮಕ್ಕಳು. ಒಬ್ಬ ಪಂಚಾಯ್ತಿ ಮೆಂಬರು, ಚುನಾವಣೆ ಹತ್ತಿರವಿದ್ದ ವರ್ಷಗಳಲ್ಲಿ. ಡೈರಿ ಸೆಕ್ರೆಟರಿ, ಹಾಲು ಹಾಕಿಸಿಕೊಂಡಾದ ಮೇಲೆ. ಕೊನೆಗೆ ಕೊನೆಯ ಬೆಂಚಿನ ನಾನು.

ನಡಿಗೆಗೆ ಸೇರಿದವರಲ್ಲದಿದ್ದರೂ ಪ್ರತಿ ಸಲ ನಾಲೆ ಏರಿಯ ಮೇಲೆ ಸಿಗುವ ಇನ್ನೊಬ್ಬರಿದ್ದಾರೆ, ಸೊಪ್ಪಿನವ್ವ. ಸೆರಗನ್ನು ಮಡಿಲು ಕಟ್ಟಿಕೊಂಡು, ಬದುವಿನಲ್ಲಿ ಬೆರಕೆ ಸೊಪ್ಪು ಕೀಳುತ್ತಿರುತ್ತಾರೆ. ನಾವು ಅವರನ್ನು ನೋಡುವುದಕ್ಕಿಂತ ಮುಂಚೆ ಅವರು ನಮ್ಮನ್ನು ನೋಡಿರುತ್ತಾರೆ. ‘ಬಂದ್ರಾ, ಗಿಡ ಎಣಿಸೋರು?’ ಅನ್ನುವುದು ಅವರ ಸ್ವಾಗತ ಭಾಷಣ.

ಒಂದು ದಿನ ಮೇಷ್ಟ್ರು ಬದುವಿನಲ್ಲಿ ಬೆಳ್ಳಿ ಗುಲಾಬಿ ತೆನೆಯೆತ್ತಿ ನಿಂತಿದ್ದ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ‘ಶ್... ಇದರ ಹೆಸರೇನು ಗೊತ್ತಾ?’ ಮಕ್ಕಳು ಬಾಯಿ ಬಿಡುವ ಮೊದಲೇ ತಾವೇ ಘೋಷಿಸಿದರು: ‘ಸೆಲೋಸಿಯಾ ಅರ್ಜೆಂಟಿಯಾ!’

ಸೊಪ್ಪಿನವ್ವ ಅದೇ ಗಿಡದ ಕುಡಿ ಚಿವುಟಿ ಮಡಿಲಿಗೆ ಹಾಕಿಕೊಂಡರು. ‘ಅರ್ಜೆಂಟೇನಿಲ್ಲ ಬುಡಿ ಮೇಷ್ಟ್ರೆ. ಸಾರು ಮಾಡಾದು ಸಂಜೀಕೆ.’

‘ಅರ್ಜೆಂಟಲ್ಲ ಅವ್ವ, ಅರ್ಜೆಂಟಿಯಾ. ಲ್ಯಾಟಿನ್ನಿನಲ್ಲಿ ಬೆಳ್ಳಿಯಂಥದ್ದು ಅಂತ.’

‘ನಾವು ಅಣ್ಣೆ ಸೊಪ್ಪು ಅಂತೀವಿ. ತೆನೆ ಬಿಟ್ಮೇಲೆ ಬಲ್ತೋಯ್ತದೆ, ಸಾರ್‌ಗೆ ಬರಾಕಿಲ್ಲ. ನೀವು ಒಂದಿಪ್ಪತ್ತು ದಿನ ಮುಂಚೇನೇ ಹೆಸರು ಹೇಳ್ಬೇಕಿತ್ತು.’ ಹಾಗೆಂದವರು ತೆನೆ ಬಿಡದ ಎಳೆಯ ಗಿಡಗಳನ್ನೇ ಆರಿಸಿ ಆರಿಸಿ ಚಿವುಟುತ್ತ ಮುಂದೆ ಹೋದರು. ಮೇಷ್ಟ್ರು ಹೆಸರು ಹೇಳಿ ಮುಗಿಸಿದ ಜಾಗದಿಂದ ಅವ್ವನ ಪಾಠ ಶುರುವಾಗುತ್ತಿತ್ತು: ಗಣಿಕೆಯಲ್ಲಿ ಯಾವ ಹಣ್ಣು ತಿನ್ನಬೇಕು, ಹೊನಗೊನೆ ಎಲ್ಲಿ ಚೆನ್ನಾಗಿ ಬರುತ್ತದೆ, ಯಾರ ಹೊಲದ ಬದುವಿನಲ್ಲಿ ಔಷಧಿ ಹೊಡೆದಿರುವುದರಿಂದ ಕೀಳಬಾರದು. ಕೊನೆಯ ಸಾಲು ಹೇಳುವಾಗ ಅವರು ನನ್ನ ಮುಖ ನೋಡಿದರು. ನಾನು ಮಿಂಚುಳ್ಳಿ ನೋಡಿದೆ.

ಗೀಜಗನ ಗೂಡಿನ ದಿನ ಇನ್ನೂ ಚೆನ್ನಾಗಿತ್ತು. ಮಳೆಗಾಲ. ಹಳೆಯ ಬಾವಿಯ ಮೇಲೆ ಬಾಗಿದ ಜಾಲಿ ಮರದಲ್ಲಿ ಇಪ್ಪತ್ತು ಮೂವತ್ತು ಗೂಡು ತೂಗುತ್ತಿದ್ದವು. ಮೇಷ್ಟ್ರು ವಿವರಿಸಿದರು: ಗೂಡು ನೇಯುವುದು ಗಂಡು. ಭತ್ತದ ಗರಿಯನ್ನೋ ಕಬ್ಬಿನ ಗರಿಯನ್ನೋ ಉದ್ದಕ್ಕೆ ಸೀಳಿ ತರುತ್ತದೆ. ಅರ್ಧ ಕಟ್ಟಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು, ಎಳೆದು, ಕುಕ್ಕಿ, ತನಿಖೆ ಮಾಡುತ್ತದೆ. ಒಪ್ಪಿಗೆಯಾದರೆ ಉಳಿದ ಅರ್ಧ ಕೆಲಸ. ಒಪ್ಪದಿದ್ದರೆ ಆ ಗೂಡು ಅಷ್ಟಕ್ಕೇ.

ಪಂಚಾಯ್ತಿ ಮೆಂಬರು ಜೀವನದಲ್ಲಿ ಮೊದಲ ಬಾರಿಗೆ ವಿಜ್ಞಾನವನ್ನು ಗಮನವಿಟ್ಟು ಕೇಳಿದವರಂತೆ ತಲೆಯಾಡಿಸಿದರು. ‘ಇದು ನಮ್ಮ ಆಶ್ರಯ ಮನೆ ಇದ್ದಂಗೇ ಇದೆಯಲ್ಲ ಸಾರ್. ಲಿಂಟಲ್ ಮಟ್ಟಕ್ಕೆ ಬಂದ ಮೇಲೆ ಇನ್‌ಸ್ಪೆಕ್ಷನ್ನು. ಪಾಸಾದ್ರೆ ಮುಂದಿನ ಕಂತು.’

‘ಅಷ್ಟೇ ಅಲ್ಲ,’ ಮೇಷ್ಟ್ರಿಗೆ ಹುರುಪು ಬಂತು. ‘1930ರ ದಶಕದಷ್ಟು ಹಿಂದೆಯೇ ಸಲೀಂ ಅಲಿ ಇದನ್ನೆಲ್ಲ ಬರೆದಿಟ್ಟಿದ್ದಾರೆ. ಒಂದು ಹೆಣ್ಣು ಸಂಸಾರ ಹೂಡಿದ ಮೇಲೆ ಗಂಡು ಪಕ್ಕದಲ್ಲೇ ಇನ್ನೊಂದು ಗೂಡು ಕಟ್ಟೋಕೆ ಶುರು ಮಾಡುತ್ತೆ. ಇನ್ನೊಂದು ಹೆಣ್ಣಿಗೆ.’

‘ಒಂದೇ ಕುಟುಂಬಕ್ಕೆ ಎರಡನೇ ಮನೆ ಮಂಜೂರಾಗಲ್ಲ ಸಾರ್,’ ಎಂದರು ಮೆಂಬರು ಖಡಾಖಂಡಿತವಾಗಿ. ‘ಯಾರಾದ್ರೂ ಅರ್ಜಿ ಹಾಕಿದ್ರೆ ಕ್ಯಾನ್ಸಲ್ಲಾಗುತ್ತೆ.’ ನಮ್ಮ ನಗುವಿಗೆ ಮೂವತ್ತು ಗೂಡಿನ ಗೀಜಗಗಳೂ ಒಟ್ಟಿಗೆ ಹಾರಿಹೋದವು. ಮೇಷ್ಟ್ರ ‘ಶ್’ ಬಾವಿಯೊಳಗೆ ಬಿದ್ದು ಪ್ರತಿಧ್ವನಿಸಿತು.

ಮೇಷ್ಟ್ರಿಗೆ ಈ ಊರಿನಲ್ಲಿ ಸರಿಸಾಟಿ ಎದುರಾಳಿಯೆಂದರೆ ಹರಟೆಮಲ್ಲ ಹಕ್ಕಿ. ಮಣ್ಣಿನ ಬಣ್ಣ, ಬಿಳಿ ಕಣ್ಣು, ಸದಾ ಆರೇಳು ಕೂಡಿ ತರಗೆಲೆ ಕೆದಕುತ್ತ, ಸುಂಕದ ಕಟ್ಟೆಯ ಮುಂದೆ ಲಾರಿ ನಿಲ್ಲಿಸಿದ ಕ್ಲೀನರುಗಳ ಹಾಗೆ ಒಂದೇ ಸಮ ಗಲಾಟೆ. ಇವು ಶ್ ಅಂದಷ್ಟೂ ಜೋರು ಮಾಡುತ್ತವೆ. ಅದರ ಮೇಲೆ ಮೇಷ್ಟ್ರಿಗೆ ಇನ್ನೊಂದು ಸಿಟ್ಟೂ ಇದೆ. ವರ್ಷಗಟ್ಟಲೆ ಕಷ್ಟಪಟ್ಟು ‘ಟರ್ಡಾಯ್ಡಿಸ್ ಸ್ಟ್ರಯಾಟ’ ಎಂದು ಬಾಯಿಪಾಠ ಮಾಡಿ, ಮಕ್ಕಳಿಗೂ ಮಾಡಿಸಿ, ಉಸ್ಸಪ್ಪಾ ಎನ್ನುವಷ್ಟರಲ್ಲಿ ವಿಜ್ಞಾನಿಗಳು ಅದನ್ನು ಬೇರೆ ಗುಂಪಿಗೆ ಸೇರಿಸಿ ‘ಅರ್ಗಿಯಾ ಸ್ಟ್ರಯಾಟ’ ಮಾಡಿಬಿಟ್ಟರು.

‘ಖಾತೆ ಬದಲಾವಣೆ ಆಯ್ತು ಅನ್ನಿ,’ ಎಂದರು ಡೈರಿ ಸೆಕ್ರೆಟರಿ, ನಿಟ್ಟುಸಿರು ಬಿಟ್ಟು. ‘ಹಕ್ಕಿ ಪುಣ್ಯ ಮಾಡಿತ್ತು. ನಾನು ನಮ್ಮಪ್ಪನ ಹೆಸರಿಂದ ನನ್ನ ಹೆಸರಿಗೆ ಮಾಡಿಸೋಕೆ ಮೂರು ವರ್ಷದಿಂದ ಓಡಾಡ್ತಾ ಇದೀನಿ.’

‘ನಮ್ಮತ್ತೆ ಇವನ್ನ ಜಗಳಗಂಟಿ ಅಂತಿದ್ರು,’ ಎಂದರು ಸೊಪ್ಪಿನವ್ವ ಬದುವಿನಿಂದಲೇ. ‘ನಾನೂ ಅದ್ನೇ ಅಂತೀನಿ.’

ಸಂಜೆಯ ಉಪನ್ಯಾಸಗಳದ್ದು ಬೇರೆಯೇ ಪುರಾಣ. ಮೇಷ್ಟ್ರು ಬಿ.ಎಡ್. ಓದುವಾಗ ಬೆಂಗಳೂರಿನಲ್ಲಿದ್ದರು. ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಮ್ಮಿನ ಬುಧವಾರದ ಉಪನ್ಯಾಸಗಳಿಗೆ ಇವರೂ ಹೋಗಿ ಕೂರುತ್ತಿದ್ದರಂತೆ. ಯಾರು ಬೇಕಾದರೂ ಬರಬಹುದು, ಕಾಸಿಲ್ಲ, ಬಾಗಿಲಲ್ಲಿ ನಿನ್ನ ಓದೆಷ್ಟೆಂದು ಕೇಳುವವರಿಲ್ಲ. ಅದಕ್ಕೂ ಮುಂಚೆ ಮೈಸೂರು ವಿಶ್ವವಿದ್ಯಾನಿಲಯದ ಪ್ರೊಫೆಸರುಗಳು ಪ್ರಚಾರೋಪನ್ಯಾಸ ಎಂದು ಊರೂರಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ, ಚರಿತ್ರೆ ಎಲ್ಲ ಹೇಳಿ ಬರುತ್ತಿದ್ದ ಕಾಲವೊಂದಿತ್ತು. ಆ ರೈಲಿನ ಕೊನೆಯ ಡಬ್ಬಿ ತಾವೆಂದು ಮೇಷ್ಟ್ರ ನಂಬಿಕೆ. ಎಂಜಿನ್ನು ಮುಂದೆ ಇದೆಯೋ ಇಲ್ಲವೋ ಎಂದು ಅವರು ಬಗ್ಗಿ ನೋಡಿದವರಲ್ಲ.

ಮೊದಲ ಉಪನ್ಯಾಸಕ್ಕೆ ‘ನಮ್ಮ ಸುತ್ತಲಿನ ಗೂಬೆಗಳು. ಪ್ರವೇಶ ಉಚಿತ’ ಎಂದು ಡೈರಿಯ ಗೋಡೆಗೆ ಕಾಗದ ಅಂಟಿಸಿದರು. ನಮ್ಮ ಕಡೆ ಉಚಿತ ಎಂದರೆ ಜನ ಎರಡು ಹೆಜ್ಜೆ ಹಿಂದೆ ಹೋಗುತ್ತಾರೆ. ಉಚಿತ ಎಂದು ಬಂದವರು ಕೊನೆಗೆ ಕುಕ್ಕರ್ ಮಾರಿದ್ದಾರೆ, ಮಂಡಿನೋವಿನ ಬೆಲ್ಟು ಮಾರಿದ್ದಾರೆ, ಸೈಟು ಮಾರಿದ್ದಾರೆ. ‘ಕೊನೇಗೆ ಏನು ಮಾರ್ತಾರಂತೆ?’ ಎಂದು ನನ್ನ ಅಂಗಡಿಯಲ್ಲಿ ಎಂಟು ಜನ ವಿಚಾರಿಸಿದರು. ಏನೂ ಮಾರುವುದಿಲ್ಲವಂತೆ ಎಂದಾಗ ಅನುಮಾನ ಇನ್ನೂ ಹೆಚ್ಚಾಯಿತು. ಮುಂದಿನ ತಿಂಗಳು ಮೇಷ್ಟ್ರು ಉಚಿತವನ್ನು ಹೊಡೆದು ‘ಟೀ, ಬನ್ನು ಇದೆ’ ಎಂದು ಬರೆದರು. ಶಾಲೆಯ ಹಾಲು ತುಂಬಿತು.

ಆ ದಿನದ ವಿಷಯವೂ ಗೂಬೆಯೇ, ಏಕೆಂದರೆ ಹಿಂದಿನ ತಿಂಗಳು ಕೇಳಿದವರೇ ಇರಲಿಲ್ಲ. ಪ್ರಾರ್ಥನೆ, ಸ್ವಾಗತ, ಶಾಲು. ಆ ಶಾಲು ಮೇಷ್ಟ್ರದ್ದೇ. ನಿವೃತ್ತಿಯ ದಿನ ಹೊದಿಸಿದ್ದು. ಪ್ರತಿ ತಿಂಗಳು ಅತಿಥಿಗೆ ಹೊದಿಸುತ್ತಾರೆ, ಅತಿಥಿ ಸಿಗದ ತಿಂಗಳು ತಾವೇ ಹೊದ್ದುಕೊಳ್ಳುತ್ತಾರೆ. ಪರದೆಯ ಮೇಲೆ ಗೂಬೆಯ ಚಿತ್ರ ಮೂಡಿತು. ಒಂದು ಜೋಡಿ ಗೂಬೆ ಎಷ್ಟು ಇಲಿ ತಿಂದು ರೈತನಿಗೆ ಉಪಕಾರ ಮಾಡುತ್ತದೆಂದು ಹೇಳುವ ಘಟ್ಟಕ್ಕೆ ಮೇಷ್ಟ್ರು ಬಂದಿದ್ದರು. ಅಷ್ಟರಲ್ಲಿ ಮಂಕಾಗಿದ್ದ ಟ್ಯೂಬ್‌ಲೈಟು ಝಗ್ಗನೆ ಬೆಳಗಿತು.

‘ತ್ರೀಫೇಸ್ ಬಂತು!’ ಎಂದ ಯಾರೋ.

ತ್ರೀಫೇಸ್ ಎಂದರೇನೆಂದು ಪೇಟೆಯವರಿಗೆ ಬಿಡಿಸಿ ಹೇಳಬೇಕು. ಪಂಪ್‌ಸೆಟ್ಟು ಓಡುವುದು ಆ ಕರೆಂಟಿನಲ್ಲಿ ಮಾತ್ರ. ಅದು ಬಂದಾಗ ಹೊಲದಲ್ಲಿ ಇಲ್ಲದವನ ಶುಂಠಿ ಒಣಗುತ್ತದೆ. ಗೂಬೆಯ ಉಪಕಾರವನ್ನು ಆಮೇಲೆ ತೀರಿಸಿದರಾಯಿತೆಂದು ಮುಕ್ಕಾಲು ಹಾಲು ಎದ್ದು ಓಡಿತು. ಎದ್ದವರು ಬನ್ನು ಮರೆಯಲಿಲ್ಲ. ಉಳಿದವರು ಬೋರ್‌ವೆಲ್ ಇಲ್ಲದ ನಾನು, ಆಟೊ ಓಡಿಸುವ ಇಬ್ಬರು, ನಾಲ್ಕು ಮಕ್ಕಳು, ಗೋಡೆಗೊರಗಿ ನಿದ್ದೆ ಹೋಗಿದ್ದ ಒಬ್ಬ ಯಜಮಾನರು. ಹತ್ತು ನಿಮಿಷವಾಗುವಷ್ಟರಲ್ಲಿ ಎಲ್ಲ ಪಂಪ್‌ಸೆಟ್ಟೂ ಒಟ್ಟಿಗೆ ಎಳೆದದ್ದಕ್ಕೋ ಏನೋ, ಇದ್ದ ಕರೆಂಟೂ ಹೋಯಿತು. ಪರದೆ, ಗೂಬೆ, ಮೇಷ್ಟ್ರು, ಎಲ್ಲ ಕತ್ತಲು.

ಆ ಕತ್ತಲಲ್ಲಿ ಹೊರಗಿನ ಅರಳಿ ಮರದಿಂದ ‘ಚಿರ್ರ್ ಚಿರ್ರ್’ ಎಂದು ಹಾಲಕ್ಕಿ ಒದರಿ, ಎದುರು ಮರದಿಂದ ಅದರ ಜೋಡಿ ಉತ್ತರ ಕೊಟ್ಟಿತು. ಯಜಮಾನರು ಬೆಚ್ಚಿ ಎದ್ದು ‘ಅಪಶಕುನ’ ಎಂದರು. ‘ಶ್... ಅದು ನಮ್ಮ ವಿಷಯವೇ ಮಾತಾಡ್ತಿದೆ, ಕೇಳಿ,’ ಎಂದಿತು ಮೇಷ್ಟ್ರ ದನಿ. ಸ್ಲೈಡಿಲ್ಲ, ಮೈಕಿಲ್ಲ. ಗೂಬೆಯ ರೆಕ್ಕೆಗೆ ಸದ್ದೇ ಇರದಂತೆ ಗರಿಗಳ ಅಂಚು ಹೇಗೆ ಮೆತ್ತಗಿರುತ್ತದೆ, ಕಣ್ಣು ಹೊರಳಿಸಲಾರದೆ ಅದು ಕತ್ತನ್ನೇ ಹೇಗೆ ತಿರುಗಿಸುತ್ತದೆ ಎಂದು ಅರ್ಧ ಗಂಟೆ ಹೇಳಿದರು. ಆಟೊದವರಿಬ್ಬರೂ ಬಾಡಿಗೆಗೆಂದು ಬಂದ ಫೋನನ್ನು ಕತ್ತರಿಸಿದ್ದನ್ನು ನಾನೇ ಕಂಡೆ. ಲೈಟು ಬಂದ ಮೇಲೆ ಪ್ರಶ್ನೋತ್ತರ. ಎಲ್ಲ ತಿಂಗಳೂ ಬರುವ ಮೂರು ಪ್ರಶ್ನೆಗಳು ಆ ತಿಂಗಳೂ ಬಂದವು. ಹಾವು ಹಾಲು ಕುಡಿಯುತ್ತಾ? ಸಕ್ಕರೆ ಕಾಯಿಲೆಗೆ ಯಾವ ಸೊಪ್ಪು ಒಳ್ಳೆಯದು? ಆನೆ ಬರದಂಗೆ ಏನು ಮಾಡಬೇಕು?

ಮೊದಲ ಎರಡಕ್ಕೆ ಮೇಷ್ಟ್ರ ಹತ್ತಿರ ಉತ್ತರವಿತ್ತು.

ಆನೆ ನಮ್ಮೂರಿಗೆ ಎರಡು ಥರ ಬರುತ್ತದೆ. ದಸರಾಕ್ಕೆ ಮುಂಚೆ ವೀರನಹೊಸಹಳ್ಳಿಯಲ್ಲಿ ಗಜಪಯಣ. ಮಂತ್ರಿಗಳು ಹೂ ಹಾಕಿ, ಮಂಗಳಾರತಿ ಬೆಳಗಿ, ಕಬ್ಬು ಬೆಲ್ಲ ತಿನ್ನಿಸಿ, 750 ಕಿಲೋ ಅಂಬಾರಿ ಹೊರುವವನನ್ನೂ ಅವನ ಬಳಗವನ್ನೂ ಮೈಸೂರಿಗೆ ಕಳಿಸಿಕೊಡುತ್ತಾರೆ. ಆ ಬಳಗದ ಆಹ್ವಾನವಿಲ್ಲದ ನೆಂಟರು ರಾತ್ರಿ ಹನ್ನೆರಡರ ಮೇಲೆ ಬರುತ್ತಾರೆ. ಕಂದಕ ತೋಡಿ, ಸೋಲಾರ್ ತಂತಿ ಎಳೆದು, ರೈಲು ಕಂಬಿ ನೆಟ್ಟು ಎಲ್ಲ ನೋಡಿಯಾಗಿದೆ. ರಾಗಿ ಕೊಯ್ಲಿನ ಹೊತ್ತಿಗೆ ಅಟ್ಟಣೆ ಮೇಲೆ ಪಟಾಕಿ ಹಿಡಿದು ಕೂತವನಿಗೆ ಪ್ರಕೃತಿಯ ನಡಿಗೆ ಎಂದರೆ ಏನೆಂದು ನಾವು ಹೇಳಿಕೊಡಬೇಕಿಲ್ಲ. ಅವನ ಹೊಲದಲ್ಲೇ ಅದು ದಿನವೂ ನಡೆಯುತ್ತದೆ.

ಹಾಗೆ ನಡೆದುಹೋದ ಒಂದು ಬೆಳಗ್ಗೆಯೇ ನಮ್ಮ ಎರಡನೇ ಭಾನುವಾರ ಬಿತ್ತು. ನಾಲೆಯ ಕೆಳಗಿನ ರಾಗಿ ಹೊಲ ಚಾಪೆ ಹಾಸಿದಂತಿತ್ತು. ಬದುವಿನ ಮೇಲೆ ಹೊಲದವನು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಮೇಷ್ಟ್ರು ಕೆಸರಿನಲ್ಲಿ ಮೂಡಿದ್ದ ಹೆಜ್ಜೆ ನೋಡಿದ್ದೇ ತಡ, ಐದನೆಯ ಜೇಬಿನಿಂದ ಟೈಲರ್ ಟೇಪು ತೆಗೆದು ಮಂಡಿಯೂರಿದರು. ‘ಮಕ್ಕಳೇ, ಮುಂಗಾಲಿನ ಹೆಜ್ಜೆಯ ಸುತ್ತಳತೆ ಎಷ್ಟೋ ಅದರ ಎರಡರಷ್ಟು ಆನೆಯ ಎತ್ತರ. ನೋಡಿ, ನಾಲ್ಕೂವರೆ ಅಡಿ. ಅಂದ್ರೆ?’

‘ಒಂಬತ್ತು ಅಡಿ!’ ಎಂದವು ಮಕ್ಕಳು.

‘ನನ್ನ ಕೇಳಿದ್ರೆ ನಾನೇ ಹೇಳ್ತಿದ್ನಲ್ಲಾ ಮೇಷ್ಟ್ರೆ,’ ಎಂದ ಹೊಲದವನು. ‘ರಾತ್ರಿ ಎದುರಿಗೇ ನಿಂತಿತ್ತು.’

ಮೇಷ್ಟ್ರ ಕಿವಿಗೆ ಅದು ಬೀಳಲಿಲ್ಲ. ಅವರು ಆಗಲೇ ಲದ್ದಿಯ ಹತ್ತಿರ ಹೋಗಿ ಕಡ್ಡಿಯಲ್ಲಿ ಬಿಡಿಸುತ್ತಿದ್ದರು. ‘ಆನೆ ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಜೀರ್ಣವಾಗೋದೇ ಇಲ್ಲ. ಹಾಗಾಗಿ ಬೀಜಗಳು ಇಡಿಯಾಗಿ ಹೊರಗೆ ಬಂದು ಕಾಡು ಬೆಳೆಯುತ್ತೆ. ಇಲ್ನೋಡಿ, ಇದರಲ್ಲಿ...’

‘ನನ್ನ ರಾಗಿ,’ ಎಂದ ಹೊಲದವನು, ಎದ್ದು ಬಂದು ಇಣುಕಿ. ‘ಅರ್ಧ ವಾಪಸ್ ಕೊಟ್ಟೈತೆ ಅನ್ನಿ.’

ಕಡ್ಡಿ ಮೇಷ್ಟ್ರ ಕೈಯಲ್ಲೇ ನಿಂತಿತು. ಅವತ್ತು ಅವರು ಶ್ ಅನ್ನಲಿಲ್ಲ. ಟೇಪು ಸುತ್ತಿ ಜೇಬಿಗೆ ಹಾಕಿ, ಟಿಪ್ಪಣಿ ಪುಸ್ತಕದ ನಡುವಿನ ಎರಡು ಹಾಳೆ ಹರಿದು, ಆ ಬದುವಿನ ಮೇಲೇ ಕೂತು, ಮುತ್ತು ಪೋಣಿಸಿದ ಅಕ್ಷರದಲ್ಲಿ ಬೆಳೆ ಪರಿಹಾರದ ಅರ್ಜಿ ಬರೆದುಕೊಟ್ಟರು. ಸರ್ವೆ ನಂಬರು, ಎಷ್ಟು ಗುಂಟೆ, ಯಾವ ರಾತ್ರಿ ಎಲ್ಲ ಕೇಳಿ ಕೇಳಿ ಬರೆದು, ಕೊನೆಗೆ ತಡೆಯಲಾರದೆ ‘ಸದರಿ ಆನೆಯ ಎತ್ತರ: 9 ಅಡಿ’ ಎಂದೂ ಸೇರಿಸಿದರು. ಆಮೇಲೆ ಅರ್ಜಿ ಬರೆಸುವುದಕ್ಕೆಂದೇ ನಡಿಗೆಗೆ ಬರುವವರು ಮೂರು ಜನ ಹೆಚ್ಚಾದರು. ಅವರಿಗೂ ಹಕ್ಕಿ ತೋರಿಸಿಯೇ ಅರ್ಜಿ ಬರೆಯುವುದು ಮೇಷ್ಟ್ರ ಕ್ರಮ.

ಇನ್ನು ಹೋದ ಕಾರ್ತಿಕದ ವಿಚಾರ. ಮಂಜು ಎಷ್ಟಿತ್ತೆಂದರೆ ಬ್ಯಾಂಕ್ ಮ್ಯಾನೇಜರಿಗೆ ತಮ್ಮ ಹೆಜ್ಜೆಯೇ ಕಾಣುತ್ತಿರಲಿಲ್ಲ, ಎಣಿಸುವುದೆಲ್ಲಿ ಬಂತು. ನಾಲೆ ಏರಿಯ ಮೇಲೆ ಎಂದಿನ ಮೆರವಣಿಗೆ. ಮೆಂಬರಿಗೆ ಫೋನು, ಮಕ್ಕಳಿಗೆ ಕಡ್ಲೆಪುರಿಯ ಜಗಳ. ಸೆಕ್ರೆಟರಿಯೂ ನಾನೂ ಕಟ್ಟೆಮಳಲವಾಡಿ ಹರಾಜಿನಲ್ಲಿ ಹೊಗೆಸೊಪ್ಪಿನ ರೇಟು ಎಲ್ಲಿಗೆ ನಿಂತಿತೆಂಬ ಚರ್ಚೆಯಲ್ಲಿದ್ದೆವು. ಮೇಷ್ಟ್ರು ಮುಂದೆ ನಿಂತು, ಮಂಜಿನಲ್ಲಿ ಕಾಣದ ಹರಟೆಮಲ್ಲಗಳನ್ನು ದನಿಯಿಂದಲೇ ಗುರುತಿಸಿ ‘ಅರ್ಗಿಯಾ ಸ್ಟ್ರ...’ ಎನ್ನುತ್ತಿದ್ದರು.

‘ಶ್!’

ಈ ಶ್ ಬೇರೆ ಥರ ಇತ್ತು. ಮೇಷ್ಟ್ರದ್ದು ಉದ್ದ, ಗಾಳಿ ಹೋದ ಟ್ಯೂಬಿನಂಥದ್ದು. ಇದು ಗಿಡ್ಡ, ಕತ್ತರಿ ಹಾಕಿದಂತೆ. ಏರಿಯ ತುದಿಯಲ್ಲಿ ಸೊಪ್ಪಿನವ್ವ ಒಂದು ಕೈ ಮೇಲೆತ್ತಿ ನಿಂತಿದ್ದರು. ಮಡಿಲು ಖಾಲಿ; ಆ ಬೆಳಗ್ಗೆ ಅವರು ಒಂದು ಕುಡಿಯನ್ನೂ ಚಿವುಟಿರಲಿಲ್ಲ.

ಹದಿನೈದು ಜನ ನಿಂತಲ್ಲೇ ನಿಂತೆವು. ಮೇಷ್ಟ್ರ ಬಾಯಿ ‘ಸ್ಟ್ರ’ ಆಕಾರದಲ್ಲೇ ಉಳಿಯಿತು. ಮ್ಯಾನೇಜರ ಲೆಫ್ಟ್ ರೈಟ್ ನಿಂತಿತು. ಮೆಂಬರ ಫೋನಿನಲ್ಲಿ ಆಚೆಯವರು ‘ಹಲೋ, ಹಲೋ’ ಎನ್ನುತ್ತಿದ್ದುದು ಕೇಳಿಸಿತು. ಅವರು ಅದನ್ನು ಮೆಲ್ಲಗೆ ಜೇಬಿನೊಳಗೆ ಹೂತರು. ಆಮೇಲೆ ಕೇಳಿಸಿದ್ದು ನಾಲೆಯ ನೀರು. ಅದರಾಚೆ, ಹೊಂಗೆ ತೋಪಿನ ಕಡೆಯಿಂದ, ಒದ್ದೆ ಗೋಣಿಚೀಲ ಒದರಿದಂತೆ ಒಂದು ಸದ್ದು. ಪಟ್. ಸ್ವಲ್ಪ ಹೊತ್ತು ಬಿಟ್ಟು ಪಟ್, ಪಟ್. ಕಿವಿ ಬೀಸುವ ಸದ್ದು.

ಮಂಜಿನಲ್ಲಿ ಒಂದು ಕಡೆ ಬೂದು ಬಣ್ಣ ದಟ್ಟವಾಯಿತು. ಆ ದಟ್ಟಕ್ಕೆ ಕಾಲು ಬಂದವು. ಮುಂದೆ ಒಂದು, ಹಿಂದೆ ಒಂದು, ನಡುವೆ ಬಾಲ ಹಿಡಿದಂತೆ ಒಂದು ಮರಿ. ರಾತ್ರಿಯ ಊಟ ಮುಗಿಸಿ, ಮದುವೆ ಮನೆಯಿಂದ ಹೊರಟವರ ಹಾಗೆ, ಆತುರವಿಲ್ಲದೆ, ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ ದಾಟಿ ಕಾಡಿನ ದಿಕ್ಕಿಗೆ ಹೋದವು. ಲೆನ್ಸಿನ ಹುಡುಗ ಅಂದು ಮೊದಲ ಬಾರಿಗೆ ಕಣ್ಣಿನಿಂದ ನೋಡಿದ. ಕ್ಯಾಮೆರಾ ಅವನ ಹೊಟ್ಟೆಯ ಮೇಲೆ ತೂಗುತ್ತಿತ್ತು.

‘ಮನೆಗೋಯ್ತಾವೆ,’ ಎಂದರು ಸೊಪ್ಪಿನವ್ವ, ಕೈ ಇಳಿಸಿ.

ಅಷ್ಟೇ ತಡ, ಹದಿನೈದು ಬಾಯಿಯೂ ಒಟ್ಟಿಗೆ ಬಿಚ್ಚಿದವು. ಹರಟೆಮಲ್ಲಗಳು ನಾಚಿ ಪೊದೆ ಸೇರಿದವು. ಮಾತಾಡದವರು ಮೇಷ್ಟ್ರೊಬ್ಬರೇ. ಟಿಪ್ಪಣಿ ಪುಸ್ತಕ ತೆರೆದು, ತಾರೀಕು ಬರೆದು, ಪೆನ್ನು ಹಿಡಿದು ಸುಮ್ಮನೆ ನಿಂತಿದ್ದರು. ಎಷ್ಟೋ ಹೊತ್ತಿನ ಮೇಲೆ ಕೇಳಿದರು: ‘ಅವ್ವ, ನಿಮಗೆ ಹೆಂಗೆ ಗೊತ್ತಾಯ್ತು?’

‘ವಾಸ್ನೆ ಬರ್ನಿಲ್ವಾ ನಿಮಗೆ? ಏರಿ ಹತ್ತೋವಾಗ್ಲೇ ಮೂಗಿಗೆ ಬಡೀತಲ್ಲಾ. ಬಾಯಿ ತೆಕ್ಕೊಂಡೇ ಇದ್ರೆ ಮೂಗು ಕೆಲಸ ಮಾಡಾಕಿಲ್ಲ ಮೇಷ್ಟ್ರೆ.’

ಮೇಷ್ಟ್ರು ಅದನ್ನು ಬರೆದುಕೊಂಡರು. ಕೊನೆಯ ಬೆಂಚಿನವನ ಹಳೆಯ ಚಾಳಿಯಂತೆ ನಾನು ಭುಜದ ಮೇಲಿಂದ ಇಣುಕಿದೆ. ಲ್ಯಾಟಿನ್ ಹೆಸರಿನ ಕಾಲಂ ಖಾಲಿ ಇತ್ತು.

ಮಾರನೆಯ ದಿನ ಮೇಷ್ಟ್ರು ನನ್ನನ್ನೂ ಕರೆದುಕೊಂಡು ಸೊಪ್ಪಿನವ್ವನ ಮನೆಗೆ ಹೋದರು. ಇನ್ನು ಮುಂದೆ ನಡಿಗೆಯಲ್ಲಿ ಮುಂದೆ ನೀವೇ ಇರಬೇಕು, ನಾವು ಹಿಂದೆ ಬರುತ್ತೇವೆ, ಕಾಗದದಲ್ಲಿ ನಿಮ್ಮ ಹೆಸರೇ ಹಾಕಿಸುತ್ತೇನೆ ಎಂದು ಸೈನ್ಸ್ ಫೋರಮ್ಮಿನಿಂದ ಹಿಡಿದು ಹೇಳಿದರು. ಅವ್ವ ಪೂರ್ತಿ ಕೇಳಿಸಿಕೊಂಡು, ಬಿಡಿಸುತ್ತಿದ್ದ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟರು.

‘ಕೂಲಿ ಎಷ್ಟು?’

‘ಕೂಲಿ...? ಇದು ಉಚಿತ ಅವ್ವ. ಸಾರ್ವಜನಿಕರಿಗೆ.’

‘ಬರೋರ್ಗೆ ಉಚಿತ, ಸರಿ. ಕರ್ಕೊಂಡೋಗೋಳ್ಗೆ? ಹೊಗೆಸೊಪ್ಪು ಪೋಣಿಸೋಕೆ ಹೋದ್ರೆ ಅರ್ಧ ದಿನಕ್ಕೆ ಮುನ್ನೂರು ಕೊಡ್ತಾರೆ, ಟೀ ಬೇರೆ.’

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ಪಿಂಚಣಿ ಬರುವ ಜೇಬು ಯಾವುದೆಂದು ತಡಕಾಡಿ, ಕೊನೆಗೆ ಆ ಎಂಟನೆಯದರಿಂದ ನೂರರ ಮೂರು ನೋಟು ತೆಗೆದು ಮುಂಗಡವೆಂದು ಕೊಟ್ಟರು. ಅವ್ವ ನೋಟನ್ನು ಎಲೆಯಡಿಕೆ ಚೀಲಕ್ಕೆ ಸೇರಿಸಿ, ಒಂದು ಘಳಿಗೆ ಯೋಚಿಸಿ ಅಂದರು:

‘ಐಕ್ಳು, ಮೆಂಬರು, ಬ್ಯಾಂಕಿನೋರು ಇವ್ರನ್ನೆಲ್ಲಾ ಸುಮ್ಕಿರ್ಸೋದು ಮುನ್ನೂರ್ರಲ್ಲೇ ಬಂತು. ನಿಮ್ಮನ್ನೂ ಸೇರಿಸಿದ್ರೆ ಐವತ್ತು ಜಾಸ್ತಿ ಆಯ್ತದೆ, ಮೇಷ್ಟ್ರೆ.’